ಬಡಗಿಯ ತಲೆಯ ಮೇಲಿನ ಕೆಂಡ

"ಉಪದೇಶಿಗಳೇ, ಸತ್ಯವೇದದ ವಚನ ಹೇಳಿದ್ದನ್ನು ನಾನು ಚಾಚೂ ತಪ್ಪದೆ ಮಾಡುತ್ತಿದ್ದೇನೆ. ಆದರೂ ನನ್ನೊಳಗಿನ ಭಯ ಏಕೆ ಹೋಗುತ್ತಿಲ್ಲ?"

ಬೆನ್ಯಾಮೀನನು ಹೀಗೆ ಕೇಳಿದ್ದು ಎಲೀಯಪ್ಪ ಉಪದೇಶಿಗಳನ್ನು. ಸಂಜೆಯ ಪ್ರಾರ್ಥನೆ ಮುಗಿದು ಉಳಿದವರೆಲ್ಲ ಎದ್ದು ಹೋಗಿದ್ದರು. ಬೆನ್ಯಾಮೀನನಿಗೂ ಅವನ ಅಣ್ಣನಿಗೂ ಮಾತು ಬಿಟ್ಟುಹೋಗಿ ವರ್ಷಗಳಾಗಿದ್ದವು. ಈಗ ಅಣ್ಣ ಹಾಸಿಗೆ ಹಿಡಿದಿದ್ದ, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ವೈರಿಗೂ ಉಣ್ಣಲು ಕೊಡು ಎಂಬ ವಚನವನ್ನು ನೆನೆದು ಬೆನ್ಯಾಮೀನನು ದಿನವೂ ಗಂಜಿ ಒಯ್ದು ಕೊಡುತ್ತಿದ್ದ. ಊರೆಲ್ಲ ಅವನನ್ನು ಮೆಚ್ಚಿಕೊಂಡಿತ್ತು.

"ಎಂಥ ಭಯ?" ಎಂದು ಉಪದೇಶಿಗಳು ಕೇಳಿದರು.

"ಅದೇ ತಿಳಿಯದು. ಅಣ್ಣನ ಮನೆಯ ಹೊಸ್ತಿಲು ದಾಟಿದ ಕೂಡಲೇ ಪಾತ್ರೆ ಇಟ್ಟು ಓಡಿಬಂದುಬಿಡುತ್ತೇನೆ."

ಉಪದೇಶಿಗಳು ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. ಕುಳಿತುಕೋ, ಒಂದು ಕತೆ ಹೇಳುತ್ತೇನೆ ಎಂದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ, ಒಬ್ಬ ಬಡಗಿಯಿದ್ದ. ಇಬ್ಬರೂ ಒಂದೇ ಸಭೆಗೆ ಸೇರಿದವರು. ಬಡಗಿ ಗಾಡಿಯ ಗಾಲಿ ಮಾಡುತ್ತಿದ್ದ, ಕಮ್ಮಾರ ಅದಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ. ಮರ ಕೆತ್ತುವ ಬಾಚಿ ಮೊಂಡಾದರೆ ಅದನ್ನು ಕಾಯಿಸಿ ಬಡಿದು ಹರಿತ ಮಾಡಿಕೊಡುತ್ತಿದ್ದವನೂ ಕಮ್ಮಾರನೇ. ಒಬ್ಬನನ್ನು ಬಿಟ್ಟು ಇನ್ನೊಬ್ಬನ ಕೆಲಸ ಸಾಗುತ್ತಿರಲಿಲ್ಲ.

ಕಮ್ಮಾರನಿಗೆ ಒಬ್ಬಳೇ ಮಗಳು. ಅವಳಿಗೆ ಗಂಡು ಗೊತ್ತಾಯಿತು. ನಮ್ಮ ಪದ್ಧತಿ ನಿನಗೆ ತಿಳಿದೇ ಇದೆ. ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದುತ್ತಾರೆ, ಯಾರದಾದರೂ ಆಕ್ಷೇಪವಿದ್ದರೆ ಹೇಳಿ ಎನ್ನುತ್ತಾರೆ. ಯಾರೂ ಹೇಳುವುದಿಲ್ಲ, ಎಲ್ಲರ ಮನಸ್ಸೂ ಆಗಲೇ ಮದುವೆಯ ಊಟದ ಕಡೆಗಿರುತ್ತದೆ. ಆದರೆ ಮೂರನೆಯ ಭಾನುವಾರ ಬಡಗಿ ಎದ್ದು ನಿಂತ. ನೆರೆಯವರೊಂದಿಗೆ ಸತ್ಯವನ್ನೇ ಆಡಬೇಕೆಂದು ವಚನವಿದೆ, ಅದಕ್ಕಾಗಿ ಹೇಳುತ್ತಿದ್ದೇನೆ, ಈ ಹುಡುಗಿಗೆ ಮೂರ್ಛೆ ರೋಗವಿದೆ ಎಂದ.

ಹುಡುಗಿ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಒಮ್ಮೆ ಕೈಕಾಲು ಸೆಟೆದುಕೊಂಡದ್ದು ನಿಜ. ಆಮೇಲೆ ಒಂದು ದಿನವೂ ಹಾಗಾಗಿರಲಿಲ್ಲ. ಅಷ್ಟೆಲ್ಲ ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿತ್ತು? ಆರಾಧನೆ ಮುಗಿಯುವ ಮೊದಲೇ ಗಂಡಿನ ಕಡೆಯವರು ಗಾಡಿ ಕಟ್ಟಿಸಿಕೊಂಡು ಹೊರಟುಹೋದರು.

ಅಂದಿನಿಂದ ಕಮ್ಮಾರನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅವನು ಬಡಗಿಯ ಗಾಲಿಯನ್ನು ಮುಟ್ಟಲಿಲ್ಲ, ಅವನ ನೆರಳನ್ನೂ ತುಳಿಯಲಿಲ್ಲ. ಬಡಗಿಯ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವನ ಬಾಚಿ ಮೊಂಡಾಯಿತು. ಅದನ್ನು ಹಿಡಿದುಕೊಂಡು ಕುಲುಮೆಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಮೊಂಡು ಬಾಚಿಯಿಂದಲೇ ಕೆತ್ತಲು ಹೋದ. ಅದು ಮರದ ಮೇಲೆ ಜಾರಿ ಕಾಲಿಗೆ ಬಿತ್ತು. ಗಾಯ ಕೀವುಗಟ್ಟಿತು, ಬಡಗಿ ಮಲಗಿದ. ತಾಯಿಯಿಲ್ಲದ ಹುಡುಗಿಯ ಮದುವೆ ಮುರಿದವನ ಮನೆಗೆ ಸಭೆಯವರು ಯಾರೂ ಕಾಲಿಡಲಿಲ್ಲ.

ಆ ವಾರವೇ ಸಭೆಯ ಪಾದ್ರಿಗಳಾದ ಅಯ್ಯನವರು ಆರಾಧನೆಯಲ್ಲಿ ಆ ವಚನವನ್ನು ಓದಿದರು. ವೈರಿ ಹಸಿದಿದ್ದರೆ ಉಣ್ಣಲು ಕೊಡು, ಬಾಯಾರಿದ್ದರೆ ಕುಡಿಯಲು ಕೊಡು. ಹಾಗೆ ಮಾಡಿದರೆ ಅವನ ತಲೆಯ ಮೇಲೆ ಉರಿಯುವ ಕೆಂಡ ಹೇರಿದಂತಾಗುವುದು. ಸಭೆಯಲ್ಲಿ ಕೆಲವರು ತೂಕಡಿಸುತ್ತಿದ್ದರು. ಕಮ್ಮಾರ ಮಾತ್ರ ಕಿವಿ ನೆಟ್ಟಗೆ ಮಾಡಿ ಕುಳಿತ. ಕೆಂಡವೆಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಅದರ ಮುಂದೆಯೇ ಕುಳಿತು ಉಂಡವನು ಅವನು. ಅಯ್ಯನವರು ಮುಂದೆ ಏನು ಬೋಧಿಸಿದರೋ ಅವನಿಗೆ ಕೇಳಿಸಲೇ ಇಲ್ಲ.

ಮನೆಗೆ ಬಂದವನೇ ಮಗಳಿಗೆ ಇನ್ನೊಂದು ಪಾಲು ರೊಟ್ಟಿ ಬಡಿಯಲು ಹೇಳಿದ. ರೊಟ್ಟಿ, ಪಲ್ಯ, ಒಂದು ತಂಬಿಗೆ ನೀರು ತೆಗೆದುಕೊಂಡು ತಾನೇ ಬಡಗಿಯ ಮನೆಗೆ ಹೋದ. ಬಡಗಿ ಬೆಚ್ಚಿಬಿದ್ದು ನೋಡಿದ. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಗಬಗಬನೆ ತಿಂದ. ಕಮ್ಮಾರ ಬಾಗಿಲ ಪಕ್ಕ ನಿಂತು ಅವನ ತಲೆಯನ್ನೇ ನೋಡುತ್ತಿದ್ದ. ಏನೂ ಆಗಲಿಲ್ಲ. ತಣ್ಣಗಿದ್ದ ಕುಲುಮೆ ಕಾಯಲು ಹೊತ್ತು ಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮರಳಿದ.

ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ರೊಟ್ಟಿಗೆ ತುಪ್ಪವನ್ನೂ ಸವರಿದ. ತುಪ್ಪ ಬಿದ್ದರೆ ಬೆಂಕಿ ಚೆನ್ನಾಗಿ ಏಳುತ್ತದೆ ಎಂಬುದು ಅವನ ಎಣಿಕೆ. ಬಡಗಿ ಉಣ್ಣುವವರೆಗೂ ನಿಂತು ತಲೆಯನ್ನು ನೋಡುತ್ತಿದ್ದ. ಕುಲುಮೆಯಲ್ಲಿ ಕುಳಿತು ತಿದಿ ಒತ್ತುವಾಗ ಕೆಂಡ ಕೆಂಪಗಾದರೆ ಅವನ ಮುಖ ಅರಳುತ್ತಿತ್ತು. ಸಭೆಯವರು ಇದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟರು. ಅಯ್ಯನವರು ಬೋಧನೆಯಲ್ಲಿ ಅವನ ಹೆಸರು ಹೇಳಿ, ವಚನವನ್ನು ನಡೆಯಲ್ಲಿ ತೋರಿಸಿದವನು ಇವನೇ ಎಂದರು. ಕಮ್ಮಾರ ತಲೆ ತಗ್ಗಿಸಿದ. ಜನ ಅದನ್ನು ವಿನಯ ಎಂದುಕೊಂಡರು.

ಒಂದು ಮಧ್ಯಾಹ್ನ ಹೋದಾಗ ಬಡಗಿ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಗೋಡೆಗೊರಗಿದ್ದ. ಕಣ್ಣು ಕೆಂಪಾಗಿತ್ತು. ರೊಟ್ಟಿ ಮುರಿಯುವ ಕೈ ಅದುರುತ್ತಿತ್ತು. ಆ ಬಟ್ಟೆಯಿಂದ ಸಣ್ಣಗೆ ಹಬೆ ಏಳುತ್ತಿರುವಂತೆ ಕಮ್ಮಾರನಿಗೆ ಕಂಡಿತು.

ಅವನಿಗೆ ಗೆದ್ದೆ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ. ಬೇಡಿದ್ದು ಕಣ್ಣ ಮುಂದೆಯೇ ನಡೆಯುತ್ತಿತ್ತು, ನೋಡುತ್ತ ನಿಲ್ಲಲು ಮಾತ್ರ ಅವನಿಂದ ಆಗಲಿಲ್ಲ. ತಂಬಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿಬಂದ.

ಮರುದಿನ ಊಟವನ್ನು ಮಗಳ ಕೈಯಲ್ಲಿ ಕಳುಹಿಸಿದ. ಅವಳು ಹೋಗಲಾರೆ ಎನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಬಂದು, "ಅಪ್ಪಾ, ಅವರ ತಲಿ ಭಾಳ ಸುಡಾಕತ್ತೈತಿ. ಒದ್ದಿ ಅರಿಬಿ ಹಾಕಿದರ ಹಾಕಿದ್ದು ಹಂಗ ಒಣಗತೈತಿ" ಎಂದಳು.

ಕಮ್ಮಾರ ಅವಳ ಅಂಗೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಕೈ ಸುಟ್ಟತೇನವಾ?"

"ಜ್ವರಪಾ ಅದು. ಕೆಂಡೇನು, ಕೈ ಸುಡಾಕ?"

ಅವಳು ನಕ್ಕು ಒಳಗೆ ಹೋದಳು.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಒಂದು ದಿನ, ಇವತ್ತು ಬುತ್ತಿ ಬೇಡ ಎಂದುಬಿಟ್ಟ. ಅಂದು ಸಂಜೆಯವರೆಗೂ ಅವನ ಕಣ್ಣ ಮುಂದೆ ಬಡಗಿಯ ಖಾಲಿ ತಟ್ಟೆಯೇ ಇತ್ತು. ಕೊಟ್ಟರೆ ಕೆಂಡ, ಕೊಡದಿದ್ದರೆ ಹಸಿವು. ಎರಡರಲ್ಲೂ ಸಾಯುವವನು ಬಡಗಿ, ಕೊಲ್ಲುವವನು ತಾನು. ಬೆಳಗಾಗುತ್ತಲೇ ಮತ್ತೆ ರೊಟ್ಟಿ ಕಳುಹಿಸಿದ, ಈ ಸಲ ತುಪ್ಪವಿಲ್ಲದೆ. ಕುಲುಮೆಯ ಮುಂದೆ ಕುಳಿತರೆ ಕೆಂಡವನ್ನು ನೇರವಾಗಿ ನೋಡಲಾಗುತ್ತಿರಲಿಲ್ಲ. ಒಂದು ಕಿಡಿ ತೋಳಿಗೆ ಹಾರಿದರೆ ಚೀರಿ ಎದ್ದುಬಿಡುತ್ತಿದ್ದ. ಕಮ್ಮಾರನಿಗೆ ಕಿಡಿಯ ಭಯವೇ ಎಂದು ಕೆಲಸಕ್ಕೆ ಬಂದವರು ನಗುತ್ತಿದ್ದರು. ಅಯ್ಯನವರ ಮುಂದೆ ಎಲ್ಲವನ್ನೂ ಹೇಳಿಬಿಡೋಣವೆಂದು ಎರಡು ಸಲ ಅವರ ಬಾಗಿಲವರೆಗೂ ಹೋದ. ಅವರು ಅವನನ್ನು ಕಂಡೊಡನೆ ಬೆನ್ನು ತಟ್ಟುತ್ತಿದ್ದರು. ಅವನು ಕೈ ಮುಗಿದು ಹಿಂದಿರುಗುತ್ತಿದ್ದ.

ಕರ್ತನ ಭೋಜನದ ಭಾನುವಾರ ಬಂತು. ಸಭೆ ಒಂದೇ ದನಿಯಲ್ಲಿ ಹತ್ತು ಆಜ್ಞೆಗಳನ್ನು ಹೇಳಿತು. ಕೊಲ್ಲಬಾರದು ಎಂಬಲ್ಲಿಗೆ ಬಂದಾಗ ಕಮ್ಮಾರನ ತುಟಿ ಅಲುಗಲಿಲ್ಲ. ಅಯ್ಯನವರು ರೊಟ್ಟಿ ಮುರಿದು ಸಾಲಿನ ಉದ್ದಕ್ಕೂ ಕೊಡುತ್ತ ಬಂದರು. ಅಯೋಗ್ಯನಾಗಿ ಇದನ್ನು ತಿನ್ನುವವನು ತನ್ನ ತೀರ್ಪನ್ನೇ ತಿನ್ನುತ್ತಾನೆ ಎಂದು ಅವನು ಚಿಕ್ಕಂದಿನಿಂದಲೂ ಕೇಳಿದ್ದ. ಇನ್ನೊಬ್ಬನ ಊಟದಲ್ಲಿ ಕೆಂಡ ಇಟ್ಟವನು ಈ ಊಟಕ್ಕೆ ಹೇಗೆ ಕೈ ಒಡ್ಡುವುದು? ಅವನ ಸರದಿ ಹತ್ತಿರ ಬಂತು.

ಕಮ್ಮಾರ ಎದ್ದು ನಿಂತ. ಹಿಂದೆ ಬಡಗಿ ಎದ್ದು ನಿಂತಾಗ ತಿರುಗಿದ ಹಾಗೆಯೇ ಎಲ್ಲರ ತಲೆಯೂ ತಿರುಗಿತು. ಅವನು ನೇರವಾಗಿ ಹೊರಗೆ ನಡೆದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟಲಿಲ್ಲ.

ಬಡಗಿಯ ಮನೆಯಲ್ಲಿ, ಬೆಳಿಗ್ಗೆ ಮಗಳು ಇಟ್ಟುಹೋಗಿದ್ದ ರೊಟ್ಟಿ ಮುಟ್ಟದೆ ಹಾಗೆಯೇ ಇತ್ತು. ಬಡಗಿ ಚಾಪೆಯ ಮೇಲೆ ಬಿದ್ದಿದ್ದ. ಬಾಗಿಲಲ್ಲಿ ಕಮ್ಮಾರನ ನೆರಳು ಕಂಡದ್ದೇ ತಡ, ಅವನು ಎರಡೂ ಕೈಗಳಿಂದ ತಲೆಯನ್ನು ಮುಚ್ಚಿಕೊಂಡ.

"ಇನ್ನ ಎಷ್ಟು ಕೆಂಡ ಉಳದಾವು ಹೇಳಪಾ," ಎಂದ ಬಡಗಿ. "ಎಲ್ಲಾ ಒಮ್ಮೆಲೇ ಸುರದು ಹೋಗಿಬಿಡು. ಆ ವಚನ ನನಗೂ ಬಾಯಿಪಾಠ ಐತಿ. ನೀ ಮೊದಲನೇ ದಿನಾ ರೊಟ್ಟಿ ತಂದು ನನ್ನ ತಲಿ ನೋಡಕೋತ ನಿಂತಾಗನ ತಿಳೀತು. ಹಸಿವು ತಡಕೊಳ್ಳಾಕ ಆಗಲಿಲ್ಲ, ತಿಂದೆ."

ಕಮ್ಮಾರ ಚಾಪೆಯ ಪಕ್ಕದಲ್ಲಿ ಕುಳಿತ. "ತಗ್ಯಾಕ ನನಗ ಬರೂದಿಲ್ಲೋ," ಎಂದ. "ಹಾಕೂದಷ್ಟ ಗೊತ್ತಿತ್ತು."

ಬಡಗಿ ತಲೆಯಿಂದ ಕೈ ತೆಗೆದ. "ಅವತ್ತು ನಾ ಎದ್ದು ನಿಂತದ್ದು ಖರೇ ಹೇಳಬೇಕಂತಲ್ಲ. ನನ್ನ ಮನಿ ಬರಿದಾಗಿತ್ತು. ನಿನ್ನ ಮನಿ ಮುಂದ ಮದುವಿ ಹಂದರ ಏಳೂದು ನೋಡಾಕ ಆಗಲಿಲ್ಲ. ಒಂದು ವಚನ ಕೈಗೆ ಸಿಕ್ತು, ಬೀಸಿದೆ."

ಕಮ್ಮಾರ ತಟ್ಟೆಯನ್ನು ಎಳೆದುಕೊಂಡ. ರೊಟ್ಟಿಯನ್ನು ಎರಡು ಮಾಡಿ ಒಂದು ಚೂರನ್ನು ತನ್ನ ಬಾಯಿಗೆ ಹಾಕಿಕೊಂಡ. ಅದರಲ್ಲಿ ಕೆಂಡವಿದ್ದರೆ ತನ್ನ ತಲೆಗೂ ಬೀಳಲಿ ಎಂದು ಕಣ್ಣು ಮುಚ್ಚಿ ನುಂಗಿದ. ಇನ್ನೊಂದು ಚೂರನ್ನು ನೀರಲ್ಲಿ ನೆನೆಸಿ ಬಡಗಿಯ ತುಟಿಯ ಹತ್ತಿರ ಹಿಡಿದ. ಮಲಗಿದವನ ಬಾಯಿಗೆ ತುತ್ತು ಇಡಬೇಕಾದರೆ ಅವನ ಮುಖ ನೋಡಲೇಬೇಕು. ಕಮ್ಮಾರ ನೋಡಿದ. ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬೆಳೆದಿತ್ತು, ಕಣ್ಣಲ್ಲಿ ತನ್ನ ಕಣ್ಣಲ್ಲಿದ್ದ ಭಯವೇ ಇತ್ತು. ಗಾಲಿಗೆ ಪಟ್ಟಿ ಹಾಕುವಾಗ ಎದುರುಬದುರು ನಿಂತು ನಗುತ್ತಿದ್ದ ಗೆಳೆಯನ ಗುರುತು ಅವನಿಗೆ ಸಿಕ್ಕಿತು, ದುಃಖ ಒತ್ತರಿಸಿ ಬಂತು.

ಆಮೇಲೆ ಅವನ ಕಣ್ಣು ಬಡಗಿಯ ಕಾಲಿನ ಮೇಲೆ ಬಿತ್ತು. ಇಷ್ಟು ದಿನ ಬಂದು ಹೋದವನು ಒಮ್ಮೆಯೂ ಅತ್ತ ನೋಡಿರಲಿಲ್ಲ. ಗಾಯ ಕಪ್ಪಾಗಿತ್ತು, ಬಾವು ಮೊಣಕಾಲಿನವರೆಗೂ ಏರಿತ್ತು. ಕಮ್ಮಾರ ಬೀದಿಗೆ ಓಡಿದ. ಸಭೆ ಬಿಟ್ಟು ಬರುತ್ತಿದ್ದ ಮಗಳನ್ನು ಅಲ್ಲಿಂದಲೇ ಡಾಕ್ಟರನ್ನು ಕರೆತರಲು ಅಟ್ಟಿದ. ಮತ್ತೆ ಒಳಗೆ ಬಂದು ಮೂಲೆಯಲ್ಲಿ ಬಿದ್ದಿದ್ದ ಮೊಂಡು ಬಾಚಿಯನ್ನು ಎತ್ತಿಕೊಂಡ. "ಡಾಕ್ಟರ್ ಬರೂದ್ರಾಗ ಹರಿತ ಮಾಡಿ ತರತೇನಿ," ಎಂದು ಹೇಳಿ ಹೋದ. ಆ ಭಾನುವಾರ ಕುಲುಮೆಯಿಂದ ಹೊಗೆ ಎದ್ದಿತು. ಕರ್ತನ ಭೋಜನ ಬಿಟ್ಟು ಹೋಗಿ ಕಬ್ಬಿಣ ಬಡಿಯುತ್ತಿದ್ದಾನಲ್ಲ ಎಂದು, ಅವನನ್ನು ಹೊಗಳಿದ್ದ ಜನರೇ ಛೀ ಎಂದರು.

ಇಷ್ಟು ಹೇಳಿ ಉಪದೇಶಿಗಳು ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದರು, ಕತೆ ಮುಗಿಯಿತು ಎಂಬಂತೆ.

ಬೆನ್ಯಾಮೀನನು ಕೇಳಿದ: "ಬಡಗಿ ಬದುಕಿದನೇ, ಉಪದೇಶಿಗಳೇ?"

ಉಪದೇಶಿಗಳು ಪುಸ್ತಕದಿಂದ ತಲೆಯೆತ್ತಲಿಲ್ಲ.

"ನಿನ್ನ ಅಣ್ಣನೂ ಆ ಕೆಂಡದ ವಚನವನ್ನು ಬಾಯಿಪಾಠ ಮಾಡಿದ್ದು ನನ್ನ ಹತ್ತಿರವೇ, ಬೆನ್ಯಾಮೀನ."