ಕರುಳಿಗೆ ಎರೆದ ನೀರು

ಹೊನ್ನಗುಡಿ ಮಠದ ಪೂಜ್ಯ ಮರುಳಶಂಕರ ಅಜ್ಜನವರು, ಭಕ್ತರು ತಮಗೆಂದು ಕಟ್ಟಿಸಿದ ಹೊಸ ಕಟ್ಟಡವನ್ನು ಆಸ್ಪತ್ರೆಗೆ ಬಿಟ್ಟುಕೊಟ್ಟು, ದನದ ಕೊಟ್ಟಿಗೆಯ ಪಕ್ಕದ ತಗಡಿನ ಕೋಣೆಯಲ್ಲಿ ವಾಸವಾಗಿದ್ದರು. ಒಂದು ದಿನ ಗದ್ದುಗೆಯ ಪೂಜೆ ಮಾಡುವ ರೇವಯ್ಯನವರು ನೀರಿನ ಗಿಂಡಿ ಹಿಡಿದುಕೊಂಡೇ ಅಲ್ಲಿಗೆ ಓಡಿ ಬಂದರು. ಅವರ ಸಿಟ್ಟು ನೆತ್ತಿಗೇರಿತ್ತು.

"ಅಜ್ಜಾರ, ಮಠ ಕೆಟ್ಟು ಹೋತ್ರಿ! ಡಾಕ್ಟ್ರು ಕೊಟ್ಟಿಗ್ಯಾಗ ಕುರಿ ಕರಳು ತಂದಿಟ್ಕೊಂಡು ಹೊಲಿಗಿ ಹಾಕಾಕತ್ತಾರ!"

ಪೂಜ್ಯರು ಎದ್ದು ಕೊಟ್ಟಿಗೆಗೆ ಹೋದರು. ಆಸ್ಪತ್ರೆಯ ಡಾಕ್ಟರ್ ಚನ್ನವೀರ ಹಂಚಿನಾಳರು ತಲೆ ತಗ್ಗಿಸಿ ನಿಂತರು. ಅವರು ಜೋಡಿಸಿದ್ದ ಕರುಳು ಹೊಲಿಗೆ ಬಿಟ್ಟು ಬಾಣಂತಿಯೊಬ್ಬಳು ಇತ್ತೀಚೆಗೆ ತೀರಿಕೊಂಡಿದ್ದಳು.

"ದಾರ ಬಿಗಿದ್ರ ಅಂಚಿಗೆ ರಕ್ತ ಹೋಗದ ಕೊಳೀತದ್ರಿ, ಸಡಿಲ ಬಿಟ್ರ ಸೋರ್ತದ. ಎರಡು ಸಾಲಿನ ಬದ್ಲಿ ಒಂದ ಸಾಲು ಸಣ್ಣ ಹೊಲಿಗಿ ಹಾಕಿ ನೋಡಾಕತ್ತೇನಿ. ಆ ಹದ ಕೈಗೆ ಕೂಡೋತನಕ ಯಾರ ಹೊಟ್ಟೀನೂ ಕೊಯ್ಯಂಗಿಲ್ಲ. ಬ್ಯಾಡಂದ್ರ ಮಠ ಬಿಟ್ಟು ಹೋಗ್ತೇನಿ."

ಪೂಜ್ಯರು ರೇವಯ್ಯನವರ ಕೈಯಿಂದ ಗಿಂಡಿ ತೆಗೆದುಕೊಂಡು ನೆಲದ ಮೇಲೆ ಕುಳಿತರು. ಹೊಲಿದ ಕರುಳಿನ ತುದಿಯನ್ನು ಎತ್ತಿ ಹಿಡಿದು ನೀರು ಎರೆದರು. ಅದು ಸೋರಿತು.

"ಇನ್ನೊಮ್ಮೆ ಹೊಲೀರಿ," ಎಂದರು.

"ಪೂಜಿ ಗಿಂಡಿ ಮೈಲಿಗಿ ಆತಲ್ರಿ!" ಎಂದು ರೇವಯ್ಯನವರು ಹೌಹಾರಿದರು.

ಪೂಜ್ಯರು ನಕ್ಕರು. "ನಿನ್ನ ಹೊಟ್ಟ್ಯಾಗೂ ಇದ ಐತೋ ರೇವಯ್ಯ. ದಿನಾ ಪ್ರಸಾದ ಇದಕ್ಕ ನೀಡ್ತಿ."

ರೇವಯ್ಯನವರು ಗೊಣಗುತ್ತಲೇ ಗಿಂಡಿಗೆ ಮತ್ತೆ ನೀರು ತುಂಬಿ ತಂದರು. ಮುಂದೆ ಪೂಜ್ಯರು ದಿನವೂ ಬಂದು ನೀರೆರೆದರು. ಹನಿಯೂ ಸೋರದಂತಾಗಲು ಮಳೆಗಾಲವೇ ಕಳೆಯಿತು.

ಆಗ ನೇಕಾರ ಫಕೀರಪ್ಪನನ್ನು ಹೊತ್ತು ತಂದರು. ಕರುಳು ತಿರುಚಿಕೊಂಡು ಹೊಟ್ಟೆ ಉಬ್ಬಿತ್ತು. ಡಾಕ್ಟರು ಪೂಜ್ಯರ ಪಾದ ಮುಟ್ಟಿ ಆಪರೇಷನ್‌ಗೆ ನಡೆದರು. ಕೆಟ್ಟ ಭಾಗ ತೆಗೆದು ಜೋಡಿಸಿದ್ದಾಯಿತು. ಹೊಟ್ಟೆಯ ಗಾಳಿ ಹೊರಗೆ ಹೋದರೆ ಕರುಳು ಕೆಲಸ ಮಾಡತೊಡಗಿದಂತೆ, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದರು. ಮಠಕ್ಕೆ ಮಠವೇ ಕಾಯುತ್ತ ಕುಳಿತಿತು. ಡಾಕ್ಟರು ಅನ್ನ ಮುಟ್ಟಲಿಲ್ಲ. ಅವರನ್ನು ನೋಡಿದರೆ ಕರುಣೆ ಉಕ್ಕುತ್ತಿತ್ತು.

ರೇವಯ್ಯನವರು ಫಕೀರಪ್ಪನ ಮಂಚ ಬಿಟ್ಟು ಏಳಲೊಲ್ಲದೆ ಇದ್ದುದರಿಂದ ಮರುದಿನ ಸಂಜೆ ಗದ್ದುಗೆಗೆ ಪೂಜ್ಯರೇ ಮಂಗಳಾರತಿ ಬೆಳಗುತ್ತಿದ್ದರು. ಭಕ್ತರು ಕೈಮುಗಿದು ನಿಂತಿದ್ದರು. ಮಡಿಯೆಂದರೆ ಪ್ರಾಣ ಬಿಡುವ ಆ ರೇವಯ್ಯನವರು ಆರತಿಯ ನಡುವೆಯೇ ಏದುಸಿರು ಬಿಡುತ್ತ ನುಗ್ಗಿ ಬಂದು, ಎಲ್ಲರೆದುರು ಕೂಗಿದರು:

"ಅಜ್ಜಾರ, ಹೂಸು ಬಿಟ್ಟಾನ್ರಿ! ಫಕೀರಪ್ಪ ಹೂಸು ಬಿಟ್ಟಾನ್ರಿ!"

ಯಾರೂ ನಗಲಿಲ್ಲ. ಪೂಜ್ಯರು ಕಣ್ಣೊರೆಸಿಕೊಂಡು, "ಹೋಗು, ಮೊದ್ಲ ಡಾಕ್ಟ್ರಿಗೆ ಉಣ್ಣಾಕ ನೀಡು," ಎಂದರು.

ರೇವಯ್ಯನವರು ಸ್ನಾನವನ್ನೂ ಮಾಡದೆ, ಫಕೀರಪ್ಪನನ್ನು ಮುಟ್ಟಿದ ಅದೇ ಕೈಯಿಂದ ಬಡಿಸಿದರು.