ಕಟ್ಟಿ ಹಾಕಿದ ದೋಣಿ

ಹೊಳೆಯ ದಂಡೆಯಲ್ಲಿ ಮೃತ್ಯುಂಜಯ ಮಾಸ್ತರ ಗುಡಿಸಲು. ಅವರ ಹತ್ತಿರ ವಿದ್ಯುತ್ತಿನ ವಿದ್ಯೆ ಕಲಿಯುತ್ತಿದ್ದವಳು ಕೌಸಲ್ಯೆ.

ಜನರನ್ನು ಹೊಳೆ ದಾಟಿಸುವ ಜಟ್ಟಿಯ ದೋಣಿ ಬ್ಯಾಟರಿಯಲ್ಲಿ ಓಡುತ್ತಿತ್ತು. ನೀರಿನ ಜಾಗ, ಬ್ಯಾಟರಿ ಚಾರ್ಜ್ ಮಾಡಲು ತಂತಿ ಸಿಕ್ಕಿಸಿದರೆ ಅಪಾಯ. ಹಾಗಾಗಿ ಕೌಸಲ್ಯೆ ದಡಕ್ಕೊಂದು, ದೋಣಿಗೊಂದು ತಾಮ್ರದ ಸುರುಳಿ ಕೂರಿಸಿದಳು. ದಡದ ಸುರುಳಿಗೆ ಜೋಡಿಸಿದ ಪೆಟ್ಟಿಗೆ ಕರೆಂಟನ್ನು ಕ್ಷಣಕ್ಕೆ ಸಾವಿರಾರು ಸಲ ಅತ್ತಿತ್ತ ತಳ್ಳಬೇಕು. ಆಗ ಶಕ್ತಿ ಒಂದನ್ನೊಂದು ಮುಟ್ಟದ ಸುರುಳಿಗಳ ನಡುವೆ ದಾಟಿ ಬ್ಯಾಟರಿ ಸೇರಬೇಕು.

ಪೆಟ್ಟಿಗೆ ಎರಡು ಸಲ ಸುಟ್ಟುಹೋಯಿತು.

"ಮೂರನೇದೂ ಸುಟ್ಟರೆ ಡೀಸೆಲ್ ಎಂಜಿನ್ ಕೂರಿಸ್ತೇನೆ ತಂಗೀ," ಎಂದ ಜಟ್ಟಿ. "ನಿನ್ನ ಪಾಠ ಮುಗಿಯೋತನಕ ನನ್ನ ಜನ ಕಾಯೋದಿಲ್ಲ."

ಕೌಸಲ್ಯೆ ಗುರುಗಳ ಬಳಿ ಬಂದಳು. "ಪರೀಕ್ಷೆ ಮಾಡಿದಾಗ ಒಮ್ಮೆಯೂ ಸುಡಲಿಲ್ಲ ಮಾಸ್ತರೇ. ಜನ ಹತ್ತಿದಾಗಲೇ ಸುಡುತ್ತದೆ."

"ಪರೀಕ್ಷೆ ಹೇಗೆ ಮಾಡಿದೆ? ತೋರಿಸು."

ಅವಳು ದೋಣಿಯನ್ನು ನಾಲ್ಕು ಹಗ್ಗಗಳಿಂದ ಬಿಗಿದಳು. ದೋಣಿ ಕಲ್ಲಿನಂತೆ ನಿಂತಿತು.

"ಜಟ್ಟಿ, ನಿನ್ನ ದೋಣಿ ಹೀಗೆ ನಿಂತದ್ದು ಯಾವತ್ತಾದರೂ ಕಂಡಿದ್ದೀಯಾ?" ಎಂದರು ಮಾಸ್ತರು.

"ಓಹೋ! ದಡಕ್ಕೆ ಎಳೆದು, ಮಗುಚಿ ಹಾಕಿ ಡಾಂಬರು ಬಳಿದಾಗ!"

ಮಾಸ್ತರು ನಾಲ್ಕೂ ಹಗ್ಗ ಬಿಚ್ಚಿದರು. "ಕೌಸಲ್ಯಾ, ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚು. ಎಣಿಸುತ್ತ, ಎಣಿಕೆಗೊಮ್ಮೆ ಕಾಲಿನಿಂದ ದೋಣಿ ತಳ್ಳು. ತೂಗಲಿ."

"ಒಂದು, ಎರಡು, ಮೂರು..."

ನಾಲ್ಕಕ್ಕೆ ದೋಣಿ ಎದುರು ಬಂದು ಅಂಗಾಲಿಗೆ ಬಡಿಯಿತು.

"ಅಯ್ಯಮ್ಮಾ! ಅದು ಬರುವಾಗಲೇ ತಳ್ಳಿಬಿಟ್ಟೆ."

"ಪೆಟ್ಟಿಗೆಗೂ ಅದೇ ಪೆಟ್ಟು ಬಿದ್ದದ್ದು," ಎಂದು ಮಾಸ್ತರು ಊಟಕ್ಕೆ ಹೊರಟರು.

ಕೌಸಲ್ಯೆ ಕಾಲು ಹಿಡಿದುಕೊಂಡು ಕೂತೇ ಯೋಚಿಸಿದಳು. ದೋಣಿ ತಗ್ಗಿದರೆ, ವಾಲಿದರೆ, ಸುರುಳಿಗಳ ನಡುವಿನ ಅಂತರ ಬದಲಾಗುತ್ತದೆ. ಕರೆಂಟಿನ ತೂಗಾಟವೂ ಬದಲಾಗುತ್ತದೆ. ಪೆಟ್ಟಿಗೆ ಮಾತ್ರ ತನ್ನ ಪಾಡಿಗೆ ಎಣಿಸುತ್ತಲೇ ಇತ್ತು.

ಆ ಎಣಿಕೆಯನ್ನು ಕಿತ್ತುಹಾಕಿದಳು. ಸುರುಳಿಯ ಕರೆಂಟ್ ತಿರುಗುವ ಗಳಿಗೆಯನ್ನು ನೋಡಿಕೊಂಡೇ ತಳ್ಳುವ ಹಾಗೆ ಹೊಸ ಪೆಟ್ಟಿಗೆ ಕಟ್ಟಿದಳು. ತನ್ನ ಕೈಯ ಮೇಲೆ ನಂಬಿಕೆ ಬರಲೆಂದು ಅಂಥದ್ದೇ ಇನ್ನೊಂದನ್ನೂ ಕಟ್ಟಿದಳು.

ಎಂಟನೇ ದಿನ ಮೂವತ್ತು ಜನ, ಎರಡು ಆಡು, ಒಂದು ಬೈಕು ದೋಣಿ ಹತ್ತಿದವು. ದೋಣಿ ತಗ್ಗಿತು, ವಾಲಿತು, ಕುಣಿಯಿತು. ಸಾಲದ್ದಕ್ಕೆ ಜಟ್ಟಿ ಬೇಕೆಂದೇ ಅಂಚಿನ ಮೇಲೆ ಹಾರಿದ.

ಆಮೇಲೆ ದಡಕ್ಕೆ ಇಳಿದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಬ್ಯಾಟರಿ ಮೀಟರಿನ ಮುಳ್ಳು ಮೇಲೇರುತ್ತಲೇ ಇತ್ತು.

"ಡೀಸೆಲ್ ಬೇಡ ಬಿಡೇ ತಂಗೀ!"

ದೋಣಿಯ ತುಂಬ ಶಿಳ್ಳೆ.

"ಗೆದ್ದೆವು ಮಾಸ್ತರೇ!" ಎಂದು ಕೌಸಲ್ಯೆ ಕುಂಟುತ್ತಲೇ ಓಡಿ ಬಂದಳು.

"ಈ ದಡ ಗೆದ್ದೆ," ಎಂದರು ಮಾಸ್ತರು. "ಇನ್ನೊಂದು ಪೆಟ್ಟಿಗೆ ಎತ್ತಿಕೊಂಡು ದೋಣಿ ಹತ್ತು."