ಓಬಳೇಶ ಕಚೇರಿ ಕೆಲಸ ಕಲಿತದ್ದು

ಕೇಳ್ರಪ್ಪ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ ಹುಡುಗ ಈ ಓಬಳೇಶ. ಅವನಿಗಿಂತ ಪೆದ್ದರು ಆ ಊರಲ್ಲಿ ಇರಲಿಲ್ಲ ಅಂತಲ್ಲ, ಅವರೆಲ್ಲ ಆಗಲೇ ಒಳ್ಳೊಳ್ಳೆ ಕುರ್ಚಿ ಹಿಡಿದು ಕೂತಿದ್ದರು. ಇವನಿಗೆ ಇದ್ದದ್ದು ಅವ್ವ ಬೋರಕ್ಕ ಒಬ್ಬಳೇ. ಗಂಡ ಸತ್ತ ಮೇಲೆ ಹೂ ಕಟ್ಟಿ ಮಾರಿ, ಮಗನನ್ನ ಡಿಗ್ರಿಯ ಕೊನೇ ವರ್ಷದ ತನಕ ನೂಕಿಕೊಂಡು ಬಂದಿದ್ದಳು, ಪಾಪ.

ಆ ವರ್ಷ ಕಾಲೇಜಿನವರು ಜನಸೇವೆಯ ಇಂಟರ್ನ್‌ಶಿಪ್ ಅಂತ ತೆಗೆದರು. ಎರಡು ತಿಂಗಳು ಯಾವುದಾದರೂ ಸರ್ಕಾರಿ ಜಾಗದಲ್ಲಿ ಬಿಟ್ಟಿ ದುಡಿಯಬೇಕು, ಅಲ್ಲಿನವರು ಸಹಿ ಹಾಕಿದರೆ ಯೂನಿವರ್ಸಿಟಿ ಕ್ರೆಡಿಟ್ ಕೊಡುತ್ತೆ, ಇಲ್ಲದಿದ್ದರೆ ಡಿಗ್ರಿ ಇಲ್ಲ. ಜಾಣ ಹುಡುಗರು ಲೈಬ್ರರಿ ಹಿಡಿದು ಫ್ಯಾನಿನ ಕೆಳಗೆ ಕೂತರು. ಬೋರಕ್ಕ ಮಾತ್ರ ನೀನು ತಾಲ್ಲೂಕು ಕಚೇರಿಗೇ ಹೋಗು ಅಂದಳು. ಅವಳ ರೇಷನ್ ಕಾರ್ಡು ಯಾಕೋ ಏನೋ ರದ್ದಾಗಿ ಅಕ್ಕಿ ನಿಂತುಹೋಗಿತ್ತು. ಅಲೆದೂ ಅಲೆದೂ ಚಪ್ಪಲಿ ಸವೆದಿತ್ತು. ಒಳಗೆ ನಮ್ಮೋನು ಅಂತ ಒಬ್ಬ ಇದ್ದರೆ ಕಾರ್ಡು ಸರಿಹೋದೀತು ಅನ್ನೋ ಆಸೆ. ದೊಡ್ಡೋರು ಹೇಳಿದ್ದನ್ನ ಹೇಳಿದಂಗೆ ಮಾಡಪ್ಪ ಅಂತ ತಲೆ ಸವರಿ ಕಳಿಸಿದಳು.

ಹೇಳಿದಂಗೇ ಮಾಡಿದ. ಕಚೇರಿಯ ಶಿರಸ್ತೇದಾರ ಪರಶಿವಯ್ಯ ಇವನನ್ನ ಬಾಗಿಲಲ್ಲಿ ಕೂರಿಸಿ, ಯಾರೇ ಬರಲಿ, ತಹಸೀಲ್ದಾರ್ ಸಾಹೇಬರು ಮೀಟಿಂಗಲ್ಲಿದ್ದಾರೆ ಅನ್ನು ಅಂದಿದ್ದ. ಸ್ವಲ್ಪ ಹೊತ್ತಿಗೆ ಸಾಹೇಬರೇ ಜೀಪಿಂದ ಇಳಿದರು. ಓಬಳೇಶ ಬಾಗಿಲಿಗೆ ಅಡ್ಡ ನಿಂತು, ಸಾಹೇಬರು ಮೀಟಿಂಗಲ್ಲಿದ್ದಾರೆ, ಹೊರಗೆ ಕೂತ್ಕಳಿ ಅಂದ. ನಾನೇ ಕಣೋ ಸಾಹೇಬ ಅಂದರೂ ಬಿಡಲಿಲ್ಲ. ಪರಶಿವಯ್ಯ ಎದ್ದೆನೋ ಬಿದ್ದೆನೋ ಅಂತ ಓಡಿಬಂದ. ಆಮೇಲೆ ಇವನ ಕಿವಿ ಹಿಂಡಿ, ಗಾಡಿಯಿಂದ ಇಳಿದು ಬಂದೋರನ್ನ ಒಳಗೆ ಕರೆದು ಕುರ್ಚಿ ಹಾಕಬೇಕು, ಟೀ ತರಿಸಬೇಕು ಅಂದ.

ಮಾರನೇ ದಿನ ಪುರಸಭೆಯ ಕಸದ ಗಾಡಿ ಬಂತು. ಓಡಿಸುತ್ತಿದ್ದ ಗಂಗಕ್ಕ ಇಳಿದಳೋ ಇಲ್ಲವೋ, ಬನ್ನಿ ಮೇಡಂ ಅಂತ ಕರೆದು ಸಾಹೇಬರ ಪಕ್ಕದಲ್ಲೇ ಕೂರಿಸಿ ಟೀ ಕೊಟ್ಟ. ಗಂಗಕ್ಕ ಅಷ್ಟು ವರ್ಷ ಆ ಕಚೇರಿ ಕಸ ಹೊತ್ತರೂ ಯಾರೂ ಕೂತ್ಕೊ ಅಂದಿರಲಿಲ್ಲ. ಆರಾಮಾಗಿ ಕುಡಿದು, ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ ಅಂದು ಹೋದಳು. ಓಬಳೇಶನ ಹೊಟ್ಟೆ ತಣ್ಣಗಾಗಲಿಲ್ಲ. ಪರಶಿವಯ್ಯ ವಾಚಾಮಗೋಚರ ಬೈದ.

"ಇಂಥ ಕೋಣಕ್ಕೆ ನಾನು ಸಹಿ ಹಾಕಲ್ಲ. ನೋಡು, ಇದೇ ಕಡೆ ಮಾತು. ಇದು ನಿಮ್ಮನೆ ಅಲ್ಲ. ಇಲ್ಲಿ ಅಪ್ಪ ಇಲ್ಲ, ಅವ್ವ ಇಲ್ಲ. ಕೈ ಮುಗಿದು ನಿಂತೋರನ್ನ ತಲೆ ಎತ್ತಿ ನೋಡಬೇಡ. ನಾಳೆ ಬಾ ಅನ್ನು, ಅಷ್ಟೇ."

ರಾತ್ರಿ ಮಗ ಬಂದು ಇದನ್ನ ಹೇಳಿದಾಗ ಬೋರಕ್ಕ ಹಣೆ ಹಣೆ ಚಚ್ಚಿಕೊಂಡಳು. ಸಹಿ ಹೋದರೆ ಡಿಗ್ರಿಯೂ ಹೋಯಿತು, ಕಾರ್ಡೂ ಹೋಯಿತು. ಮಡಕೆಯಲ್ಲಿ ಒಂದು ಹೊತ್ತಿನ ಅಕ್ಕಿ ಉಳಿದಿತ್ತು. ಇನ್ನು ಕಾಯೋಕಾಗಲ್ಲ ಅಂತ, ಒಗೆದ ಸೀರೆ ಉಟ್ಟು ಮಾರನೇ ದಿನ ತಾನೇ ಕಚೇರಿಗೆ ಹೋದಳು. ಬಾಗಿಲಲ್ಲಿ ಮಗ ಕೂತಿದ್ದ. ಜೀವ ಹಗುರಾಯಿತು. ಅಲ್ಲಿಯ ರೂಢಿ ಅವಳಿಗೆ ಗೊತ್ತಿತ್ತಲ್ಲ, ಅಭ್ಯಾಸಬಲದಿಂದ ಕೈ ಮುಗಿದಳು.

"ನಾಳೆ ಬಾ" ಅಂದ ಓಬಳೇಶ, ನೆಲ ನೋಡುತ್ತಾ.

"ಲೋ, ನಾನು ಕಣೋ, ನಿಮ್ಮವ್ವ."

"ಇಲ್ಲಿ ಅವ್ವ ಇಲ್ಲ. ನಾಳೆ ಬಾ."

ಬೋರಕ್ಕ ಅಲ್ಲೇ ನಿಂತಳು. ಹೊಟ್ಟೆಯಲ್ಲಿ ಹುಟ್ಟಿದ್ದೇ ಹೀಗಂದರೆ ಇನ್ಯಾರಿಗೆ ಹೇಳೋದು? ಕಣ್ಣೀರು ಒರೆಸಿಕೊಂಡು ವಾಪಸು ನಡೆದಳು. ಇದನ್ನೆಲ್ಲ ಒಳಗಿನಿಂದ ನೋಡಿದ ಪರಶಿವಯ್ಯ ಖುಷಿಯಾಗಿ ಓಬಳೇಶನನ್ನ ಕರೆದು ಬೆನ್ನು ತಟ್ಟಿದ. ಇವತ್ತು ನೋಡು ನೀನು ಕೆಲಸ ಕಲಿತೆ ಅಂದ. ಅವಧಿ ಮುಗಿಯೋದಕ್ಕೆ ಮುಂಚೆಯೇ ಸಹಿ ಹಾಕಿದ. ಜನಸೇವೆಯಲ್ಲಿ ಅತ್ಯುತ್ತಮ ಅಂತ ಬರೆದು ಪೂರ್ತಿ ಕ್ರೆಡಿಟ್ ಕೊಡಿಸಿದ.

ಸಂಜೆ ಓಬಳೇಶ ಕುಣಿಯುತ್ತಾ ಮನೆಗೆ ಬಂದ. ಅವ್ವ, ಪಾಸಾದೆ ಅಂತ ಕೂಗಿದ. ಬೋರಕ್ಕ ಒಲೆ ಮುಂದೆ ಕೂತಿದ್ದಳು. ಕಡೇ ಅಕ್ಕಿ ಬೇಯುತ್ತಿತ್ತು.

"ಹಸಿವಾಗ್ತೈತೆ, ಅನ್ನ ಇಕ್ಕವ್ವ" ಅಂದ.

ಅವಳು ತಲೆ ಎತ್ತಲಿಲ್ಲ.

"ನಾಳೆ ಬಾ" ಅಂದಳು.

ಸಂಕಟಕ್ಕೆ ಅಂದ ಮಾತು, ತಟ್ಟೆ ಆಗಲೇ ಕೈಯಲ್ಲಿತ್ತು. ತಿರುಗಿ ನೋಡುವಷ್ಟರಲ್ಲಿ ಓಬಳೇಶ, ಆಗಲಮ್ಮ ಅಂತ ಕೈ ಮುಗಿದು, ಬಾಗಿಲು ಮುಂದಕ್ಕೆ ಎಳೆದುಕೊಂಡು ಬೀದಿಗೆ ಇಳಿದಿದ್ದ.